ಜರ್ಮನಿಯ ಖಾಲಿ ಕೋಣೆಯನ್ನು ವಾಸಯೋಗ್ಯ ಮಾಡಿಕೊಳ್ಳುವುದು: ಓದಲು ಹೋಗುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಫಲಕ ಕಂಡರೆ ಒಳಗೆ ಏನೇನು ಇರುತ್ತದೆ ಎಂಬುದು ನಮಗೆ ಹೇಳದೆಯೇ ಗೊತ್ತು: ಗ್ರಾನೈಟಿನ ಅಡುಗೆಕಟ್ಟೆ, ಅದರ ಪಕ್ಕದಲ್ಲಿ ಸಿಂಕು, ಗೋಡೆಯೊಳಗಿನ ಕಪಾಟು, ಮೇಲೊಂದು ಅಟ್ಟ, ಚಾವಣಿಯಲ್ಲಿ ಫ್ಯಾನಿನ ಕೊಕ್ಕೆ, ಅದೃಷ್ಟವಿದ್ದರೆ ಹಿಂದಿನವರು ಬಿಟ್ಟುಹೋದ ಟ್ಯೂಬ್‌ಲೈಟು. ಜರ್ಮನಿಯಲ್ಲಿ ಖಾಲಿ ಮನೆ ಎಂದರೆ ಅಕ್ಷರಶಃ ಖಾಲಿ. ನಕ್ಷೆಯಲ್ಲಿ ಅಡುಗೆಮನೆ ಎಂದು ಬರೆದಿರುವ ಕೋಣೆಯಲ್ಲಿ ನೀರಿನ ಕೊಳವೆಗಳ ತುದಿ ಮತ್ತು ಒಲೆಗೆಂದು ಗೋಡೆಯಲ್ಲಿ ಬಿಟ್ಟ ವಿದ್ಯುತ್ ಪೆಟ್ಟಿಗೆ ಮಾತ್ರ ಇರಬಹುದು. ಚಾವಣಿಯ ನಡುವಿನಿಂದ ಎರಡು ಮೂರು ತಂತಿಗಳು ತೂಗುತ್ತಿರುತ್ತವೆ, ಬಲ್ಬಿನ ಹೋಲ್ಡರ್ ಕೂಡ ಇರುವುದಿಲ್ಲ. ಹಿಂದಿನ ಬಾಡಿಗೆದಾರ ಒಲೆ, ಸಿಂಕು, ದೀಪ, ಕೆಲವೊಮ್ಮೆ ನೆಲಹಾಸನ್ನೂ ಕಿತ್ತುಕೊಂಡು ಹೋಗಿರುತ್ತಾನೆ, ಏಕೆಂದರೆ ಅವೆಲ್ಲ ಅವನವೇ ಆಗಿದ್ದವು.

ಎರಡು ವರ್ಷದ ಸ್ನಾತಕೋತ್ತರ ಓದಿಗೆಂದು ಅಲ್ಲಿಗೆ ಹೋಗುವವರು ಇಂಥ ಕೋಣೆಯನ್ನು ಯಾವ ಕ್ರಮದಲ್ಲಿ, ಎಷ್ಟು ಖರ್ಚಿನಲ್ಲಿ ಸಜ್ಜುಗೊಳಿಸಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಈ ಕೆಲಸವನ್ನು ಮಾಡಿ, ಅದರಲ್ಲಿ ಸಾಕಷ್ಟು ತಪ್ಪಿ ಕಲಿತ ಮೇಲೆ ನನಗೆ ಉಳಿದ ಲೆಕ್ಕಾಚಾರ ಒಂದೇ: ಪ್ರತಿಯೊಂದು ವಸ್ತುವನ್ನು ಕೊಳ್ಳುವಾಗಲೂ ಕೋಣೆ ಬಿಡುವ ದಿನವನ್ನು ಕಣ್ಣ ಮುಂದೆ ತಂದುಕೊಂಡು, ಆ ದಿನ ಇದನ್ನು ಯಾರು ಹೊತ್ತೊಯ್ಯುತ್ತಾರೆ, ಎಷ್ಟು ಕೊಡುತ್ತಾರೆ ಎಂದು ಕೇಳಿಕೊಳ್ಳಬೇಕು. ಉತ್ತರ ಹೊಳೆಯದಿದ್ದರೆ ಕೊಳ್ಳುವುದನ್ನು ಮುಂದಕ್ಕೆ ಹಾಕಬಹುದು.

ಜಾಹೀರಾತಿನ ಭಾಷೆ

ಸಜ್ಜಿಕೆಯ ಖರ್ಚು ಬಾಡಿಗೆಯ ಕರಾರಿಗೆ ಮೊದಲೇ ನಿರ್ಧಾರವಾಗುತ್ತದೆ. ಜಾಹೀರಾತಿನಲ್ಲಿ ‘ಮೊಬ್ಲೀರ್ಟ್’ ಎಂದಿದ್ದರೆ ಪೀಠೋಪಕರಣ ಉಂಟು, ‘ಉನ್‌ಮೊಬ್ಲೀರ್ಟ್’ ಎಂದಿದ್ದರೆ ಇಲ್ಲ. ನಡುವಿನ ‘ಟೈಲ್‌ಮೊಬ್ಲೀರ್ಟ್’, ಅಂದರೆ ಭಾಗಶಃ ಸಜ್ಜಿತ, ಎಂಬ ಪದವನ್ನು ಮಾತ್ರ ನಂಬಬಾರದು. ಒಂದು ಬೀರು ಇದ್ದರೂ ಹಾಗೆ ಬರೆಯುವವರಿದ್ದಾರೆ, ಹಾಗಾಗಿ ಏನೇನಿದೆ ಎಂಬ ಪಟ್ಟಿಯನ್ನು ಬರಹದಲ್ಲಿಯೇ ಕೇಳಿ ಪಡೆಯಬೇಕು. ‘ಇ.ಬಿ.ಕೆ.’ ಎಂಬ ಮೂರಕ್ಷರ ಕಂಡರೆ ಅದು ‘ಐನ್‌ಬೌಕ್ಯುಖೆ’, ಅಂದರೆ ಜೋಡಿಸಿಟ್ಟ ಅಡುಗೆಮನೆ ಇದೆ ಎಂಬುದರ ಸೂಚನೆ. ಎರಡು ಕೋಣೆಗಳ ಬಾಡಿಗೆ ಹತ್ತಿರ ಹತ್ತಿರವಿದ್ದು, ಒಂದಕ್ಕೆ ಈ ಮೂರಕ್ಷರವಿದ್ದರೆ, ತಿಂಗಳಿಗೆ 20–30 ಯೂರೊ ಹೆಚ್ಚಾದರೂ ಅದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಕೆಲವು ಕಡೆ ‘ಆಪ್‌ಲೋಸೆ’ ಎಂಬ ಮೊತ್ತವನ್ನು ಕೇಳುತ್ತಾರೆ. ಹಿಂದಿನ ಬಾಡಿಗೆದಾರ ತನ್ನ ಅಡುಗೆಮನೆ, ಪರದೆ, ಬೀರು ಮುಂತಾದುವನ್ನು ಬಿಟ್ಟುಹೋಗಲು ಕೇಳುವ ಬೆಲೆ ಅದು. ಆ ಸಾಮಾನಿನ ಈಗಿನ ಮೌಲ್ಯಕ್ಕೆ ಅದು ಹೊಂದುವಂತಿರಬೇಕು. ಹತ್ತು ವರ್ಷದ ಹಳೆಯ ಅಡುಗೆಮನೆಗೆ ಹೊಸದರ ಬೆಲೆ ಕೇಳಿದರೆ ಚೌಕಾಸಿ ಮಾಡುವುದಕ್ಕೆ ಸಂಕೋಚ ಬೇಡ. ನೀವು ಹೊರಡುವಾಗ ಅದೇ ಸಾಮಾನನ್ನು ಮುಂದಿನವರಿಗೆ ದಾಟಿಸಬಹುದಾದ್ದರಿಂದ, ನ್ಯಾಯವಾದ ಬೆಲೆಯಾದರೆ ಇದು ಲಾಭದ ವ್ಯವಹಾರವೇ.

ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯಾದ ‘ಷ್ಟುಡೀರೆಂಡೆನ್‌ವೆರ್ಕ್’ ನಡೆಸುವ ವಸತಿಗೃಹಗಳಲ್ಲಿ ಸಾಮಾನ್ಯವಾಗಿ ಮಂಚ, ಹಾಸಿಗೆ, ಮೇಜು, ಕುರ್ಚಿ, ಬೀರು ಇರುತ್ತವೆ. ಹೊದಿಕೆ, ದಿಂಬು ಮತ್ತು ಪಾತ್ರೆಗಳು ನಿಮ್ಮವು. ಕೆಲವರು ಸೇರಿ ಒಂದು ಮನೆಯನ್ನು ಹಂಚಿಕೊಳ್ಳುವ ಏರ್ಪಾಡಿಗೆ ಅಲ್ಲಿ ‘ವೇ-ಗೇ’ ಎನ್ನುತ್ತಾರೆ. ಅಂಥ ಮನೆಯಲ್ಲಿ ಅಡುಗೆಮನೆಯೂ ಬಟ್ಟೆ ಒಗೆಯುವ ಯಂತ್ರವೂ ಬಹುಮಟ್ಟಿಗೆ ಮೊದಲೇ ಇರುವುದರಿಂದ ಸ್ವಂತ ಕೋಣೆಯೊಂದನ್ನು ಸಜ್ಜುಗೊಳಿಸಿದರೆ ಸಾಕು. ಮೊದಲ ವರ್ಷಕ್ಕೆ ಈ ಎರಡರಲ್ಲಿ ಒಂದು ಸಿಕ್ಕರೆ ಮುಂದಿನ ಅರ್ಧ ಲೇಖನ ನಿಮಗೆ ಬೇಕಾಗುವುದಿಲ್ಲ.

ಹೊರಡುವ ಮುನ್ನ: ಹಣ ಮತ್ತು ಪೆಟ್ಟಿಗೆ

ಜರ್ಮನಿಯ ವಿದ್ಯಾರ್ಥಿ ವೀಸಾಗೆ ‘ಬ್ಲಾಕ್ಡ್ ಅಕೌಂಟ್’, ಅಂದರೆ ಮೊದಲೇ ತುಂಬಿಟ್ಟ ಹಣವನ್ನು ತಿಂಗಳಿಗಿಷ್ಟೇ ಎಂದು ತೆಗೆಯಬಹುದಾದ ಖಾತೆ, ತೆರೆದವರಲ್ಲಿ ಅನೇಕರು ಒಂದು ವಿಷಯವನ್ನು ಗಮನಿಸಿರುವುದಿಲ್ಲ. 2024ರ ಸೆಪ್ಟೆಂಬರ್‌ನಿಂದ ಆ ಖಾತೆಯಲ್ಲಿ ಒಂದು ವರ್ಷಕ್ಕೆ ಇಡಬೇಕಾದ ಮೊತ್ತ 11,904 ಯೂರೊ ಆಗಿದ್ದು, ಅದರಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೊ ಮಾತ್ರ. ಮೊದಲ ತಿಂಗಳಿನಲ್ಲಿಯೇ ಬಾಡಿಗೆ, ಮುಂಗಡ ಠೇವಣಿ, ಹಾಸಿಗೆ, ಪಾತ್ರೆ ಎಲ್ಲ ಒಟ್ಟಿಗೆ ಬರುವುದರಿಂದ ಆ ಮೊತ್ತ ಸಾಲುವುದಿಲ್ಲ. ಆದ್ದರಿಂದ ಸಜ್ಜಿಕೆಗೂ ಠೇವಣಿಗೂ ಬೇರೆ ಹಣವನ್ನು ಫಾರೆಕ್ಸ್ ಕಾರ್ಡಿನಲ್ಲಿಯೋ ನಗದಾಗಿಯೋ ಇಟ್ಟುಕೊಂಡು ಹೊರಡಬೇಕು.

‘ಕೌಟ್ಸಿಯೋನ್’ ಎಂಬ ಠೇವಣಿಯ ವಿಚಾರದಲ್ಲಿ ಕಾನೂನು ಬಾಡಿಗೆದಾರನ ಪರವಾಗಿದೆ. ಬಿಸಿನೀರು, ಕಾವು, ನಿರ್ವಹಣೆ ಮುಂತಾದ ವೆಚ್ಚಗಳನ್ನು ಸೇರಿಸದ ಮೂಲ ಬಾಡಿಗೆಗೆ ‘ಕಾಲ್ಟ್‌ಮೀಟೆ’ ಎನ್ನುತ್ತಾರೆ. ಠೇವಣಿಯು ಅದರ ಮೂರು ಪಟ್ಟನ್ನು ಮೀರುವಂತಿಲ್ಲ, ಮತ್ತು ಅದನ್ನು ಮೂರು ಸಮಾನ ಮಾಸಿಕ ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗಿದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಊರಿನಿಂದ ಹೋದವರಿಗೆ ಇದು ಹಗುರವೆನಿಸಬಹುದು. ಕಂತಿನ ಹಕ್ಕನ್ನು ಬಳಸಿಕೊಂಡರೆ ಮೊದಲ ತಿಂಗಳ ಹಾಸಿಗೆ, ಒಲೆಗಳಿಗೆ ಹಣ ಉಳಿಯುತ್ತದೆ. ಮನೆಯನ್ನು ನೋಡುವ ಮೊದಲೇ ಹಣ ಕಳುಹಿಸಿ, ಕೀಲಿಯನ್ನು ಅಂಚೆಯಲ್ಲಿ ಕಳುಹಿಸುತ್ತೇವೆ ಎನ್ನುವವರು ಮೋಸಗಾರರೆಂದೇ ತಿಳಿಯಬೇಕು.

ಪೆಟ್ಟಿಗೆಯ ತೂಕ ಸೀಮಿತವಾದ್ದರಿಂದ, ಅಲ್ಲಿ ಸುಲಭವಾಗಿ ಸಿಗದ ಅಥವಾ ತೀರ ದುಬಾರಿಯಾದ ವಸ್ತುಗಳಿಗೆ ಮಾತ್ರ ಜಾಗ ಕೊಡಬೇಕು. ಕುಕ್ಕರ್, ಪುಟ್ಟ ಮಿಕ್ಸಿ, ಒಗ್ಗರಣೆ ಸೌಟು, ಮಸಾಲೆ ಡಬ್ಬಿ, ಹತ್ತಿಯ ಎರಡು ಹಾಸು, ಒಂದು ತೆಳು ಹೊದಿಕೆ ಇಷ್ಟು ಸಾಕು. ತಟ್ಟೆ, ಲೋಟ, ಬಾಣಲೆಗಳನ್ನು ಇಲ್ಲಿಂದ ಹೊರಬೇಕಾಗಿಲ್ಲ. ಅಲ್ಲಿ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅವು ಒಂದೆರಡು ಯೂರೊಗೆ ಸಿಗುತ್ತವೆ. ಕುಕ್ಕರ್ ಆರಿಸುವಾಗ ತಳವನ್ನು ನೋಡಬೇಕು. ಬರೀ ಅಲ್ಯುಮಿನಿಯಮ್ ತಳದ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಬಿಸಿಯಾಗುವುದೇ ಇಲ್ಲ. ನಿಮ್ಮ ಮನೆಯಲ್ಲಿ ಯಾವ ಬಗೆಯ ಒಲೆ ಸಿಗುತ್ತದೆಂದು ಮುಂಚಿತವಾಗಿ ತಿಳಿಯುವುದಿಲ್ಲವಾದ್ದರಿಂದ, ಅಯಸ್ಕಾಂತ ಅಂಟಿಕೊಳ್ಳುವ ಚಪ್ಪಟೆ ತಳದ ಸ್ಟೀಲ್ ಕುಕ್ಕರ್ ಎಲ್ಲಕ್ಕೂ ಆಗುತ್ತದೆ.

ವಿದ್ಯುತ್ತಿನ ವಿಚಾರದಲ್ಲಿ ಎರಡೂ ದೇಶಗಳಿಗೆ ಸಾಮ್ಯವಿದೆ: ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಹಾಗಾಗಿ ನಮ್ಮ ಮಿಕ್ಸಿ ಅಲ್ಲಿ ಯಾವ ಪರಿವರ್ತಕವೂ ಇಲ್ಲದೆ ತಿರುಗುತ್ತದೆ. ತೊಡಕಿರುವುದು ಪ್ಲಗ್ಗಿನಲ್ಲಿ. ಮೊಬೈಲ್ ಚಾರ್ಜರಿನ ಎರಡು ತೆಳು ಪಿನ್ನುಗಳು ಅಲ್ಲಿನ ‘ಶುಕೋ’ ಸಾಕೆಟ್ಟಿಗೆ ಹೊಂದುತ್ತವೆ, ಆದರೆ ಮಿಕ್ಸಿಯ ಮೂರು ದುಂಡು ಪಿನ್ನುಗಳು ಹೊಂದುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಮಾರುವ ಹಗುರ ಅಡಾಪ್ಟರಿನಲ್ಲಿ ಅರ್ಥಿಂಗ್ ಸಂಪರ್ಕ ಇರದಿರಬಹುದಾದ್ದರಿಂದ ಮಿಕ್ಸಿಗೆ ಅದನ್ನು ಬಳಸಬಾರದು; ಅರ್ಥಿಂಗ್ ಇರುವ ಗಟ್ಟಿ ಅಡಾಪ್ಟರನ್ನೇ ಕೊಳ್ಳಬೇಕು.

ಇನ್ನೊಂದು ಉಪಾಯ. ಐಕಿಯಾ ಸಂಸ್ಥೆ 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಮಳಿಗೆ ತೆರೆದಿದೆ, ಮೆಟ್ರೊ ಇಳಿದರೆ ಅದು ಪಕ್ಕದಲ್ಲಿಯೇ. ಜರ್ಮನಿಯ ವಿದ್ಯಾರ್ಥಿ ಕೋಣೆಗಳಲ್ಲಿ ಕಾಣುವ ಎಷ್ಟೋ ಮೇಜು, ಕಪಾಟು, ಕುರ್ಚಿಗಳ ಮಾದರಿಗಳು ಅಲ್ಲಿಯೂ ಇವೆ. ಹೊರಡುವ ಮುನ್ನ ಒಂದು ಮಧ್ಯಾಹ್ನ ಹೋಗಿ, ಕುರ್ಚಿಗಳಲ್ಲಿ ಕೂತು, ಮೇಜುಗಳ ಅಳತೆ ಬರೆದುಕೊಂಡು, ಇಷ್ಟವಾದುದರ ಹೆಸರನ್ನು ಗುರುತು ಹಾಕಿಕೊಂಡರೆ, ಅಲ್ಲಿ ಹಳೆಯ ಸಾಮಾನಿನ ಜಾಹೀರಾತುಗಳಲ್ಲಿ ಅದೇ ಹೆಸರನ್ನು ಹುಡುಕಬಹುದು.

ಕೀಲಿ ಕೈಗೆ ಬಂದ ದಿನ

ಮೊದಲ ಕೆಲಸ ಏನನ್ನೂ ಒಳಗೆ ತರದೆ ಖಾಲಿ ಕೋಣೆಯನ್ನು ದಾಖಲಿಸುವುದು. ಮನೆ ಒಪ್ಪಿಸುವಾಗ ಬರೆಯುವ ‘ಊಬರ್‌ಗಾಬೆಪ್ರೋಟೊಕೋಲ್’ ಎಂಬ ಪತ್ರದಲ್ಲಿ ನೆಲದ ಗೀರು, ಗೋಡೆಯ ತೂತು, ಸಿಂಕಿನ ಬಿರುಕು, ಕಿಟಕಿಯ ಹಿಡಿ ಸಡಿಲವಾಗಿರುವುದು, ಎಲ್ಲವನ್ನೂ ಸೇರಿಸಿ, ವಿದ್ಯುತ್ ಮೀಟರಿನ ಅಂಕಿಯನ್ನೂ ಕೀಲಿಗಳ ಸಂಖ್ಯೆಯನ್ನೂ ನಮೂದಿಸಿ, ಸಹಿ ಮಾಡುವ ಮುನ್ನ ಪ್ರತಿಯೊಂದರ ಛಾಯಾಚಿತ್ರ ತೆಗೆದುಕೊಳ್ಳಬೇಕು. ಈ ಅರ್ಧ ಗಂಟೆಯ ಕೆಲಸವನ್ನು ಅಲಕ್ಷಿಸಿದರೆ ಮನೆ ಬಿಡುವಾಗ ಹಿಂದಿನವರು ಮಾಡಿದ ಗೀರಿಗೆ ನಿಮ್ಮ ಠೇವಣಿ ಕರಗುತ್ತದೆ.

ಬಳಿಕ ಟೇಪು ಹಿಡಿದು ಅಳೆಯಬೇಕು. ಕೋಣೆಯ ಉದ್ದಗಲಗಳ ಜೊತೆಗೆ ಬಾಗಿಲಿನ ಅಗಲ, ಮೆಟ್ಟಿಲು ತಿರುಗುವ ಜಾಗದ ಅಗಲ, ಕಿಟಕಿಯ ಕೆಳಗೆ ಕೋಣೆಯನ್ನು ಬಿಸಿಮಾಡಲು ಇರುವ ಕಾವುಪಟ್ಟಿಯ (ರೇಡಿಯೇಟರ್) ಎತ್ತರ, ಸಾಕೆಟ್ಟುಗಳ ಸ್ಥಾನ ಇವನ್ನೂ ಒಂದು ಹಾಳೆಯಲ್ಲಿ ಗುರುತಿಸಿಕೊಳ್ಳಬೇಕು. ಲಿಫ್ಟಿಲ್ಲದ ಹಳೆಯ ಕಟ್ಟಡಗಳಲ್ಲಿ ನಾಲ್ಕನೆಯ ಮಹಡಿಯ ಕೋಣೆಗಳು ಅಪರೂಪವಲ್ಲ. ಜೋಡಿಸಿದ ಬೀರು ಕೆಳಗಿನ ಬಾಗಿಲಲ್ಲಿ ಸಲೀಸಾಗಿ ನುಗ್ಗಿ ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಾಗ ಅದನ್ನು ಹೊತ್ತ ಸ್ನೇಹಿತರ ಮುಖ ನೋಡುವುದು ಸುಖದ ಅನುಭವವಲ್ಲ.

ಕರೆಗಂಟೆಯ ಮೇಲೂ ಅಂಚೆಪೆಟ್ಟಿಗೆಯ ಮೇಲೂ ಹೆಸರು ಅಂಟಿಸುವುದನ್ನು ಅದೇ ದಿನ ಮಾಡಬೇಕು. ಅಲ್ಲಿನ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲಾಟ್ ಸಂಖ್ಯೆ ಇರುವುದಿಲ್ಲ, ಹೆಸರೇ ಗುರುತು. ಹೆಸರಿಲ್ಲದಿದ್ದರೆ ನೀವು ತರಿಸಿದ ಹಾಸಿಗೆಯೂ ಬ್ಯಾಂಕಿನ ಪತ್ರವೂ ಬಂದ ದಾರಿಯಲ್ಲೇ ಹಿಂತಿರುಗುತ್ತವೆ. ವಿಳಾಸ ನೋಂದಣಿಯಾದ ‘ಆನ್‌ಮೆಲ್ಡುಂಗ್’ ಅನ್ನು ಮನೆ ಸೇರಿದ ಎರಡು ವಾರದೊಳಗೆ ಮಾಡಬೇಕು, ಅದಕ್ಕೆ ಮನೆಮಾಲೀಕರ ದೃಢೀಕರಣ ಪತ್ರ ಬೇಕು. ನೋಂದಣಿಯಾದ ಮೇಲೆ ಆಕಾಶವಾಣಿ–ದೂರದರ್ಶನ ಶುಲ್ಕವೆಂದು ತಿಂಗಳಿಗೆ 18.36 ಯೂರೊ ಕೇಳುವ ಪತ್ರ ಬರುತ್ತದೆ. ಟಿವಿ ಇಲ್ಲವೆಂದರೂ ಅದು ತಪ್ಪುವುದಿಲ್ಲ, ಆದರೆ ಒಂದು ಮನೆಗೆ ಒಂದೇ ಶುಲ್ಕವಾದ್ದರಿಂದ ಜೊತೆಗಾರರು ಹಂಚಿಕೊಳ್ಳಬಹುದು.

ಮೊದಲ ವಾರ: ನಾಲ್ಕೇ ವಸ್ತು

ಮೊದಲ ವಾರ ಹಾಸಿಗೆ, ಹೊದಿಕೆ, ಪ್ಲಗ್ಗಿಗೆ ಹಾಕುವ ಒಂದು ನಿಲುದೀಪ, ಅನ್ನ ಬೇಯಿಸಿಕೊಳ್ಳಲು ಒಂದು ಒಲೆ, ಇವನ್ನು ಬಿಟ್ಟು ಬೇರೇನನ್ನೂ ಕೊಳ್ಳಬೇಡಿ. ನಮ್ಮವರಿಗೆ ನೆಲದ ಮೇಲೆ ಕೂತು ಉಣ್ಣುವುದೂ ಓದುವುದೂ ಬರುವುದರಿಂದ ಈ ವಾರವನ್ನು ಸಲೀಸಾಗಿ ಕಳೆಯಬಹುದು. ಬೆಳಗಿನ ಬೆಳಕು ಯಾವ ಮೂಲೆಗೆ ಬೀಳುತ್ತದೆ, ಯಾವ ಗೋಡೆ ತಣ್ಣಗಿದೆ, ಪಕ್ಕದ ಮನೆಯ ಸದ್ದು ಎಲ್ಲಿ ಕೇಳುತ್ತದೆ ಎಂಬುದು ಆರೇಳು ದಿನ ಇದ್ದ ಮೇಲಷ್ಟೇ ತಿಳಿಯುತ್ತದೆ, ಮತ್ತು ಮೇಜು, ಮಂಚಗಳ ಜಾಗವನ್ನು ನಿರ್ಧರಿಸುವುದು ಇದೇ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆ ಬಂದಿಳಿಯುವವರು ನಿಲ್ದಾಣದೊಳಗಿನ ಅಂಗಡಿಯನ್ನು ಹೊರತು ಬೇರೆಲ್ಲಿಯೂ ಹೊದಿಕೆ, ಅಕ್ಕಿ ಸಿಗುವುದೆಂದು ನಂಬಬಾರದು.

ಹಾಸಿಗೆ

ಮಂಚ ಎಂದು ಕೊಂಡುತಂದರೆ ಮಂಚ ಪೂರ್ತಿಯಾಗಿರುತ್ತದೆ ಎಂಬುದು ನಮ್ಮ ರೂಢಿಯ ತಿಳಿವಳಿಕೆ. ಅಲ್ಲಿ ಮಂಚದ ಚೌಕಟ್ಟು, ಅದರೊಳಗೆ ಕೂರುವ ‘ಲಾಟೆನ್‌ರೋಸ್ಟ್’ ಎಂಬ ಮರದ ಪಟ್ಟಿಗಳ ಜೋಡಣೆ, ಮೇಲಿನ ಹಾಸಿಗೆ, ಈ ಮೂರನ್ನೂ ಅನೇಕ ಕಡೆ ಬೇರೆ ಬೇರೆಯಾಗಿ ಮಾರುತ್ತಾರೆ. ಇದು ತಿಳಿಯದೆ ನಾನು ಅಗ್ಗದ ಚೌಕಟ್ಟೊಂದನ್ನು ಹೊತ್ತು ತಂದು, ಜೋಡಿಸಿದ ಮೇಲೆ ನಡುವೆ ನೆಲ ಕಾಣುವುದನ್ನು ನೋಡಿ, ಪಟ್ಟಿಗಳು ಸಿಗುವವರೆಗೆ ಎರಡು ವಾರ ಹಾಸಿಗೆಯನ್ನು ನೆಲದ ಮೇಲೆಯೇ ಹಾಕಿ ಮಲಗಿದೆ. ಎತ್ತಿ ನೋಡಿದಾಗ ಹಾಸಿಗೆಯ ತಳ ತೇವವಾಗಿತ್ತು, ಒಂದೆರಡು ಕಡೆ ಬೂಷ್ಟಿನ ಚುಕ್ಕೆಗಳೂ ಇದ್ದವು. ಮೈಯ ಬೆವರಿನ ಆವಿ ತಣ್ಣಗಿನ ನೆಲಕ್ಕೆ ತಾಗಿ ನೀರಾಗುತ್ತದೆ, ಕೆಳಗೆ ಗಾಳಿಯಾಡದೆ ಅದು ಆರುವುದಿಲ್ಲ. ಮೊದಲ ವಾರ ನೆಲದ ಮೇಲೆ ಮಲಗುವವರು ಬೆಳಗ್ಗೆ ಎದ್ದೊಡನೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಕು.

ಒಬ್ಬರ ಹಾಸಿಗೆಯ ಅಳತೆ 90×200 ಸೆಂಟಿಮೀಟರ್, ಸ್ವಲ್ಪ ಧಾರಾಳವೆಂದರೆ 140×200. ಮಾರುವಾಗ 140ರ ಮಂಚಕ್ಕೂ ಗಿರಾಕಿ ಬೇಗ ಸಿಗುತ್ತಾರೆ, ಆದರೆ ಸಣ್ಣ ಕೋಣೆಯಲ್ಲಿ ಅದು ಮೇಜಿನ ಜಾಗವನ್ನು ತಿನ್ನುತ್ತದೆ. ಚೌಕಟ್ಟನ್ನು ಹಳೆಯದಾಗಿ ಕೊಳ್ಳಿ, ಹಾಸಿಗೆಯನ್ನು ಹೊಸದಾಗಿಯೇ ಕೊಳ್ಳಿ. ಇದಕ್ಕೆ ಶುಚಿತ್ವ ಒಂದು ಕಾರಣ, ತಿಗಣೆ ಇನ್ನೊಂದು ಕಾರಣ. ತಿಗಣೆ ಒಮ್ಮೆ ಒಳಸೇರಿದರೆ ಅದನ್ನು ತೊಲಗಿಸುವ ಖರ್ಚು ಇಡೀ ಕೋಣೆಯ ಸಜ್ಜಿಕೆಯನ್ನು ಮೀರುತ್ತದೆ. ಹೊಸ ಹಾಸಿಗೆಯನ್ನು ಆನ್‌ಲೈನಿನಲ್ಲಿ ತರಿಸುವುದಕ್ಕೆ ಒಂದು ಅನುಕೂಲವೂ ಇದೆ. ಅಲ್ಲಿ ಆನ್‌ಲೈನ್ ಖರೀದಿಯನ್ನು 14 ದಿನದೊಳಗೆ ಕಾರಣ ಹೇಳದೆ ಹಿಂತಿರುಗಿಸಬಹುದು, ಮತ್ತು ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದಿದ್ದರೂ ಈ ಹಕ್ಕು ಹೋಗುವುದಿಲ್ಲವೆಂದು ಯುರೋಪಿನ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿದೆ. ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ. ಅಲ್ಲಿ ಆಯಾ ಅಂಗಡಿಯ ನಿಯಮವೇ ನಡೆಯುತ್ತದೆ.

ಅಲ್ಲಿನ ದಿಂಬಿನ ಬಗ್ಗೆಯೂ ಒಂದು ಮಾತು. ರೂಢಿಯ ಅಳತೆ 80×80, ಅಂದರೆ ನಮ್ಮ ಕಣ್ಣಿಗೆ ಅರ್ಧ ಹಾಸಿಗೆ; ಒಳಗೆ ತುಂಬಿದ ಗರಿ ತಲೆಯಿಟ್ಟೊಡನೆ ಅಕ್ಕಪಕ್ಕಕ್ಕೆ ಸರಿದುಕೊಳ್ಳುತ್ತದೆ. 40×80 ಅಳತೆಯದೂ ಸಿಗುತ್ತದೆ, ಅದನ್ನೇ ಕೇಳಿ.

ಅಡುಗೆಮನೆ

ನಮ್ಮ ಊಟದ ಕ್ರಮಕ್ಕೆ ಅಡುಗೆಮನೆ ಮುಖ್ಯವಾದ್ದರಿಂದ ಇಲ್ಲಿ ತುಸು ನಿಧಾನವಾಗಿ ಯೋಚಿಸಬೇಕು. ಅಡುಗೆಮನೆಯೇ ಇಲ್ಲದ ಮನೆ ಸಿಕ್ಕಿದರೆ ಪೂರ್ತಿ ಅಡುಗೆಮನೆ ಕೊಳ್ಳುವ ಯೋಚನೆಯನ್ನು ವಿದ್ಯಾರ್ಥಿಗಳು ಬಿಡುವುದು ಒಳ್ಳೆಯದು. ಅಲ್ಲಿನ ದೊಡ್ಡ ವಿದ್ಯುತ್ ಒಲೆಗಳು ಪ್ಲಗ್ಗಿಗೆ ಹಾಕುವಂಥವಲ್ಲ. ಅವುಗಳನ್ನು 400 ವೋಲ್ಟಿನ ಮೂರು ಫೇಸ್ ಸಂಪರ್ಕಕ್ಕೆ ಜೋಡಿಸಬೇಕಾಗುತ್ತದೆ, ಆ ಕೆಲಸವನ್ನು ಎಲೆಕ್ಟ್ರಿಷಿಯನ್ ಮಾತ್ರ ಮಾಡಬೇಕು, ಅವನ ಕೂಲಿ ಒಲೆಯ ಬೆಲೆಯ ಸಮೀಪಕ್ಕೆ ಬರಬಹುದು. ಅದರ ಬದಲು ಸಾಧಾರಣ ಪ್ಲಗ್ಗಿಗೆ ಹಾಕುವ ಎರಡು ಬರ್ನರಿನ ಒಲೆ, ಚಕ್ರವಿರುವ ಗಟ್ಟಿ ಮೇಜು, ಪುಟ್ಟ ಫ್ರಿಜ್ಜು, ಕೊಳವೆಗೆ ಜೋಡಿಸಿದ ಹಳೆಯ ಸಿಂಕು ಕಪಾಟು, ಇಷ್ಟಿದ್ದರೆ ಎರಡು ವರ್ಷ ಸಾರು, ಪಲ್ಯ, ಚಪಾತಿಗಳಿಗೆ ಕೊರತೆಯಿಲ್ಲ.

ಸಾಕೆಟ್ಟಿನ ಲೆಕ್ಕವನ್ನು ಮಾತ್ರ ಮರೆಯಬಾರದು. 16 ಆಂಪಿಯರಿನ ಸರ್ಕೀಟ್ ಹೊರಬಲ್ಲ ಹೊರೆ ಸುಮಾರು 3,680 ವ್ಯಾಟ್. ಎರಡು ಬರ್ನರಿನ ಒಲೆ, ನೀರು ಕಾಯಿಸುವ ಕೆಟಲ್, ಮಿಕ್ಸಿ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಪಟ್ಟಿಗೆ ಹಾಕಿದರೆ ಒಂದೋ ಫ್ಯೂಸು ಬೀಳುತ್ತದೆ, ಇಲ್ಲವೇ ಪಟ್ಟಿ ಕಾಯುತ್ತದೆ. ಒಲೆಯನ್ನು ಗೋಡೆಯ ಸಾಕೆಟ್ಟಿಗೇ ನೇರವಾಗಿ ಹಾಕಬೇಕು, ಒಂದು ಪಟ್ಟಿಗೆ ಇನ್ನೊಂದು ಪಟ್ಟಿಯನ್ನು ಸಿಕ್ಕಿಸಬಾರದು. ವಿದ್ಯುತ್ತಿನ ಬೆಲೆ ಯೂನಿಟ್ಟಿಗೆ 30ರಿಂದ 40 ಸೆಂಟಿನ ಆಸುಪಾಸಿನಲ್ಲಿ ಇರುವುದರಿಂದ, ಗೃಹಜ್ಯೋತಿಯ ಅಭ್ಯಾಸದಲ್ಲಿ ಬೆಳೆದವರು ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಒಂದು ಗಂಟೆ ಕುದಿಸುವುದನ್ನು ಬಿಟ್ಟು ಕುಕ್ಕರಿಗೆ ಒಗ್ಗಿಕೊಳ್ಳುತ್ತಾರೆ. ಹಳೆಯ ಫ್ರಿಜ್ಜನ್ನು ಕೊಳ್ಳುವಾಗಲೂ ಇದೇ ಲೆಕ್ಕ: ಪುಕ್ಕಟೆಯಾಗಿ ಸಿಕ್ಕ ಹದಿನೈದು ವರ್ಷದ ಫ್ರಿಜ್ಜು ತಿಂಗಳು ತಿಂಗಳೂ ತನ್ನ ಬೆಲೆಯನ್ನು ವಸೂಲಿ ಮಾಡುತ್ತದೆ. ಮಲಗಿಸಿ ಸಾಗಿಸಿದ ಫ್ರಿಜ್ಜನ್ನು ತಂದೊಡನೆ ಚಾಲೂ ಮಾಡದೆ, ಕೆಲವು ಗಂಟೆ, ಸಾಧ್ಯವಿದ್ದರೆ ಒಂದು ದಿನ, ನೆಟ್ಟಗೆ ನಿಲ್ಲಿಸಿಡಬೇಕು. ಕಂಪ್ರೆಸರಿನ ಎಣ್ಣೆ ಮತ್ತೆ ಕೆಳಗಿಳಿಯಲು ಅಷ್ಟು ಸಮಯ ಬೇಕು.

ಒಗ್ಗರಣೆಯ ಬಗ್ಗೆ ಎಚ್ಚರಿಕೆ. ಜರ್ಮನಿಯ ಎಲ್ಲ ರಾಜ್ಯಗಳಲ್ಲಿಯೂ ಮಲಗುವ ಕೋಣೆಗೆ ಹೊಗೆ ಪತ್ತೆಯ ಯಂತ್ರ ಕಡ್ಡಾಯ. ಒಂದೇ ಕೋಣೆಯ ಮನೆಯಲ್ಲಿ ಮಲಗುವುದೂ ಅಡುಗೆಯೂ ಅಲ್ಲಿಯೇ ಆದ್ದರಿಂದ, ಬ್ಯಾಡಗಿ ಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದ ಕ್ಷಣದಲ್ಲಿ ಅದು ಕಿರುಚಿಕೊಳ್ಳುವ ಸಾಧ್ಯತೆ ಬಹಳ. ಯಂತ್ರವನ್ನು ಕಳಚಿಡುವುದು ಅಪಾಯಕರ, ನಿಯಮಕ್ಕೂ ವಿರುದ್ಧ. ಒಲೆಯನ್ನು ಅದರಿಂದ ಆದಷ್ಟು ದೂರ, ಕಿಟಕಿಯ ಹತ್ತಿರದ ಗೋಡೆಗೆ ಇಟ್ಟು, ಕಿಟಕಿ ತೆರೆದು, ಸೌಟಿಗೆ ಮುಚ್ಚಳ ಹಿಡಿದು ಒಗ್ಗರಣೆ ಹಾಕುವುದು ಪಾರಾಗುವ ದಾರಿ. ಕೋಣೆಯ ನಕ್ಷೆಯಲ್ಲಿ ಒಲೆಯ ಜಾಗವನ್ನು ಮೊದಲು ಗುರುತಿಸಿ, ಮಂಚವನ್ನೂ ಬಟ್ಟೆಯ ಬೀರುವನ್ನೂ ಅದರ ಎದುರು ಮೂಲೆಗೆ ಇಡುವುದು ವಾಸನೆಯ ದೃಷ್ಟಿಯಿಂದಲೂ ಒಳ್ಳೆಯದು.

ಮೇಜು, ಕುರ್ಚಿ, ಬೆಳಕು

ಮೇಜು 120×60 ಇದ್ದರೆ ಲ್ಯಾಪ್‌ಟಾಪು, ಪುಸ್ತಕ, ಟಿಪ್ಪಣಿ ಎಲ್ಲಕ್ಕೂ ಸಾಕು, ಅದು ಹಳೆಯದಾದರೂ ನಡೆಯುತ್ತದೆ. ಕುರ್ಚಿಯಲ್ಲಿ ಮಾತ್ರ ಕಂಜೂಸಿ ಮಾಡಬಾರದು, ಏಕೆಂದರೆ ದಿನಕ್ಕೆ ಎಂಟು ಗಂಟೆ ಕೂರುವುದು ಅದರಲ್ಲಿ. ಕಚೇರಿಗಳು ಖಾಲಿ ಮಾಡುವಾಗ ಮಾರುವ ಎತ್ತರ ಬದಲಾಯಿಸಬಹುದಾದ ಹಳೆಯ ಕುರ್ಚಿಗಳು ಹೊಸ ಅಗ್ಗದ ಕುರ್ಚಿಗಳಿಗಿಂತ ಎಷ್ಟೋ ಮೇಲು.

ಬೆಳಕನ್ನು ಹೆಚ್ಚಿನವರು ಕೊನೆಗೆ ಯೋಚಿಸುತ್ತಾರೆ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಸುಮಾರು ಎಂಟು ಗಂಟೆ ಮಾತ್ರ, ಅದರಲ್ಲೂ ಮೋಡವೇ ಹೆಚ್ಚು; ನಾಲ್ಕೂವರೆಗೆ ಕತ್ತಲಾದಾಗ ಒಂಟಿ ಬಲ್ಬಿನ ಕೋಣೆ ಮನಸ್ಸನ್ನು ಕುಗ್ಗಿಸುತ್ತದೆ. ಒಂದು ನಿಲುದೀಪ, ಮೇಜಿಗೊಂದು, ಹಾಸಿಗೆಯ ಪಕ್ಕಕ್ಕೊಂದು, ಹೀಗೆ ಮೂರು ಪ್ಲಗ್ ದೀಪಗಳಿದ್ದರೆ ಚಾವಣಿಯ ತಂತಿಗಳನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಮುಟ್ಟಲೇಬೇಕೆಂದರೆ ಫ್ಯೂಸು ಇಳಿಸಿ, ಟೆಸ್ಟರಿನಿಂದ ಪರೀಕ್ಷಿಸಿ, ಅನುಭವವಿದ್ದವರ ಕೈಯಲ್ಲಿ ಮಾಡಿಸಬೇಕು. ಹಳೆಯ ಕಟ್ಟಡಗಳಲ್ಲಿ ತಂತಿಯ ಬಣ್ಣವನ್ನು ನಂಬುವಂತಿಲ್ಲ.

ಹಳೆಯ ಸಾಮಾನು ಎಲ್ಲಿ, ಹೇಗೆ

‘ಕ್ಲೈನ್‌ಆನ್‌ತ್ಸೈಗೆನ್’ ಎಂಬ ತಾಣ ಇದಕ್ಕೆ ಮೊದಲ ಜಾಗ. 2023ರವರೆಗೆ ಅದರ ಹೆಸರಿನ ಮುಂದೆ ಈಬೇ ಇತ್ತು, ಹಳಬರು ಇನ್ನೂ ಹಾಗೆಯೇ ಕರೆಯುತ್ತಾರೆ. ಬೆಲೆಯ ಮುಂದೆ ‘ಫೌ-ಬೇ’ ಎಂದಿದ್ದರೆ ಚೌಕಾಸಿಗೆ ಅವಕಾಶವಿದೆ, ‘ಫೆಸ್ಟ್‌ಪ್ರೈಸ್’ ಎಂದಿದ್ದರೆ ಇಲ್ಲ, ‘ತ್ಸು ಫೆರ್‌ಶೆಂಕೆನ್’ ಎಂದರೆ ಪುಕ್ಕಟೆ. ‘ಗುಟೆನ್ ಟಾಗ್’ ಎಂದು ಶುರುಮಾಡಿ, ನಿಮ್ಮ ಹೆಸರು ಹೇಳಿ, ಯಾವ ದಿನ ಎಷ್ಟು ಗಂಟೆಗೆ ಬಂದು ಒಯ್ಯುತ್ತೀರೆಂದು ಜರ್ಮನ್ ಭಾಷೆಯಲ್ಲಿ ಮೂರು ವಾಕ್ಯ ಬರೆದರೆ ಉತ್ತರ ಬರುತ್ತದೆ, ‘ಕಡಿಮೆ ಎಷ್ಟು?’ ಎಂದು ನೇರವಾಗಿ ಕೇಳಿದರೆ ಬಹುಮಟ್ಟಿಗೆ ಬರುವುದಿಲ್ಲ. ಚೌಕಾಸಿಯನ್ನು ವಸ್ತು ನೋಡುವ ಮುನ್ನವೇ ಮುಗಿಸಿ, ಹೇಳಿದ ಸಮಯಕ್ಕೆ ಸರಿಯಾಗಿ ಚಿಲ್ಲರೆ ಸಮೇತ ಹೋಗಬೇಕು. ಬಾಗಿಲಲ್ಲಿ ನಿಂತು ಮತ್ತೆ ಬೆಲೆ ಇಳಿಸುವುದನ್ನು ಅಲ್ಲಿನವರು ಅವಮಾನವೆಂದೇ ಭಾವಿಸುತ್ತಾರೆ. ವಸ್ತು ನೋಡದೆ ಮುಂಗಡ ಕಳುಹಿಸುವ ಪ್ರಶ್ನೆಯೇ ಇಲ್ಲ.

ದತ್ತಿ ಸಂಸ್ಥೆಗಳು ನಡೆಸುವ ‘ಸೋಟ್ಸಿಯಾಲ್‌ಕೌಫ್‌ಹೌಸ್’ ಎಂಬ ಮಳಿಗೆಗಳಲ್ಲಿ ಪಾತ್ರೆ, ಕಪಾಟು, ಮೇಜುಗಳು ಅಗ್ಗವಾಗಿ ಸಿಗುತ್ತವೆ. ನಗರಪಾಲಿಕೆ ದೊಡ್ಡ ಸಾಮಾನುಗಳನ್ನು ಒಯ್ಯುವ ‘ಷ್ಪೆರ್‌ಮ್ಯುಲ್’ ದಿನದ ಹಿಂದಿನ ಸಂಜೆ ಜನ ರಸ್ತೆಬದಿಯಲ್ಲಿ ಕುರ್ಚಿ, ಮೇಜುಗಳನ್ನು ಇಟ್ಟಿರುತ್ತಾರೆ. ಅದನ್ನು ಎತ್ತಿಕೊಳ್ಳುವುದನ್ನು ಕೆಲವು ಊರುಗಳು ನಿಷೇಧಿಸಿವೆ, ನಿಮ್ಮ ಊರಿನ ನಿಯಮ ತಿಳಿದುಕೊಳ್ಳಿ. ಎತ್ತಿಕೊಂಡರೂ ಮರ, ಲೋಹದ್ದನ್ನು ಮಾತ್ರ, ಮೆತ್ತೆ ಇರುವ ಯಾವುದನ್ನೂ ಅಲ್ಲ.

ಕೊಳ್ಳಲು ಒಳ್ಳೆಯ ಕಾಲವೆಂದರೆ ಸೆಮಿಸ್ಟರ್ ಮುಗಿದು ಜನ ಊರು ಬಿಡುವ ಫೆಬ್ರವರಿ–ಮಾರ್ಚ್ ಮತ್ತು ಜುಲೈ–ಆಗಸ್ಟ್. ಅಕ್ಟೋಬರಿನ ಮೊದಲ ವಾರದಲ್ಲಿ ಎಲ್ಲರೂ ಒಟ್ಟಿಗೆ ಹುಡುಕುವುದರಿಂದ ಬೆಲೆ ಏರುತ್ತದೆ. ಆಗ ನಾಲ್ಕು ವಸ್ತುಗಳಲ್ಲಿ ದಿನ ತಳ್ಳಿದವರು ತಿಂಗಳ ಕೊನೆಗೆ ಅದೇ ಮೇಜನ್ನು ಕಡಿಮೆಗೆ ಪಡೆಯುತ್ತಾರೆ.

ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಬೀರುಗಳನ್ನು ಕಳಚಿ ಜೋಡಿಸಿದಷ್ಟೂ ತಿರುಪಿನ ತೂತು ಸಡಿಲವಾಗುತ್ತದೆ. ಎರಡನೆಯ ಸಲಕ್ಕೆ ಅದು ಓಲಾಡತೊಡಗುತ್ತದೆ. ಪೈನ್ ಮರದ ಹಳೆಯ ಕಪಾಟು ಅಂದವಾಗಿ ಕಾಣದಿದ್ದರೂ ನಾಲ್ಕು ಮನೆ ಬದಲಾಯಿಸಿದರೂ ನಿಲ್ಲುತ್ತದೆ. ಕಳಚುವಾಗ ಹಂತ ಹಂತವಾಗಿ ಫೋಟೊ ತೆಗೆದು, ತಿರುಪುಗಳನ್ನು ಚೀಲಕ್ಕೆ ಹಾಕಿ ಹಲಗೆಗೇ ಅಂಟಿಸಿ.

ಸಾಗಾಣಿಕೆ

ಆನ್‌ಲೈನಿನಲ್ಲಿ ದೊಡ್ಡ ವಸ್ತು ತರಿಸುವಾಗ ‘ಫ್ರೈ ಬೋರ್ಡ್‌ಷ್ಟೈನ್‌ಕಾಂಟೆ’ ಎಂಬ ಪದ ಕಂಡರೆ, ಫುಟ್‌ಪಾತಿನ ಅಂಚಿನವರೆಗೆ ಮಾತ್ರ ತಂದಿಳಿಸುತ್ತಾರೆಂದು ಅರ್ಥ. ನಾಲ್ಕು ಮಹಡಿ ಹತ್ತಿಸುವುದು ನಿಮ್ಮ ಪಾಲು. ವ್ಯಾನನ್ನು ಗಂಟೆಗಳ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದು. ಭಾರತದ ಚಾಲನಾ ಪರವಾನಗಿ ಅಲ್ಲಿ ವಾಸ ಶುರುವಾದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ, ಅದರ ಅನುವಾದವನ್ನು ಜೊತೆಗಿಟ್ಟುಕೊಳ್ಳಬೇಕು. ಮೂರು ನಾಲ್ಕು ಜನ ಒಂದೇ ದಿನ ಬೇರೆ ಬೇರೆ ಕಡೆ ಸಾಮಾನು ಕೊಂಡು ಒಂದೇ ವ್ಯಾನಿನಲ್ಲಿ ಸುತ್ತಿಬಂದರೆ ತಲೆಗೆ ಬೀಳುವ ಖರ್ಚು ಅತ್ಯಲ್ಪ, ಹೊರಲು ಕೈಗಳೂ ಸಿಗುತ್ತವೆ.

ಗೋಡೆ, ಗಾಳಿ, ತೇವ

ಕಪಾಟನ್ನು ಹೊರಗೋಡೆಗೆ ಅಂಟಿಸಿ ಇಡಬಾರದು, 5ರಿಂದ 10 ಸೆಂಟಿಮೀಟರ್ ಬಿಡಬೇಕು. ಚಳಿಗಾಲದಲ್ಲಿ ಆ ಗೋಡೆ ತಣ್ಣಗಿದ್ದು, ಅನ್ನದ ಗಂಜಿ, ಸಾರಿನ ಆವಿ, ಒಳಗೇ ಒಣಹಾಕಿದ ಬಟ್ಟೆಯ ತೇವ ಎಲ್ಲ ಅಲ್ಲಿ ನೀರಾಗಿ, ಕಪಾಟಿನ ಹಿಂದೆ ಯಾರಿಗೂ ಕಾಣದಂತೆ ಬೂಷ್ಟು ಬೆಳೆಯುತ್ತದೆ. ದಿನಕ್ಕೆ ಎರಡು ಮೂರು ಬಾರಿ ಕಿಟಕಿಯನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿಯಾಡಿಸಿ ಮುಚ್ಚುವುದು ಅಲ್ಲಿನ ಕ್ರಮ. ಇಡೀ ದಿನ ಕಿಟಕಿಯನ್ನು ಓರೆಯಾಗಿ ತೆರೆದಿಟ್ಟರೆ ಗೋಡೆ ಇನ್ನಷ್ಟು ತಣ್ಣಗಾಗುತ್ತದೆ. ಕಾವುಪಟ್ಟಿಯ ಮುಂದೆ ಮೇಜನ್ನಾಗಲಿ ನೆಲ ಮುಟ್ಟುವ ಪರದೆಯನ್ನಾಗಲಿ ತರಬೇಡಿ.

ಪರದೆಗೆ ಕಿಟಕಿಯ ಎರಡು ಅಂಚುಗಳ ನಡುವೆ ಒತ್ತಿ ನಿಲ್ಲುವ ಸರಳು ಸಿಗುತ್ತದೆ, ಅದಕ್ಕೆ ತೂತು ಬೇಕಿಲ್ಲ. ಕೊರೆಯಲೇಬೇಕಾದರೆ ಭಾನುವಾರವೂ ರಾತ್ರಿ ಹತ್ತರ ನಂತರವೂ ಕೊರೆಯುವಂತಿಲ್ಲ; ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟುವುದು ಖಂಡಿತ.

ಕೋಣೆ ಬಿಡುವಾಗ

ಸಾಮಾನ್ಯ ಬಾಡಿಗೆ ಕರಾರಿನಲ್ಲಿ ಮೂರು ತಿಂಗಳ ಮುಂಚೆ, ತಿಂಗಳ ಮೂರನೆಯ ಕೆಲಸದ ದಿನದೊಳಗೆ ತಲುಪುವಂತೆ, ಕೈಯಾರೆ ಸಹಿ ಮಾಡಿದ ಕಾಗದದಲ್ಲಿ ತೆರವಿನ ಸೂಚನೆ ಕೊಡಬೇಕು, ಇಮೇಲ್ ಸಾಲುವುದಿಲ್ಲ. ಆ ಕಾಗದ ಕೊಟ್ಟ ವಾರದಲ್ಲಿಯೇ ಸಾಮಾನಿನ ಪಟ್ಟಿ ಮಾಡಿ, ಹಗಲಿನ ಬೆಳಕಿನಲ್ಲಿ ಫೋಟೊ ತೆಗೆದು, ಅಳತೆ, ಮಹಡಿ, ಲಿಫ್ಟ್ ಇದೆಯೇ ಇಲ್ಲವೇ ಎಂಬುದನ್ನು ಬರೆದು ಜಾಹೀರಾತು ಹಾಕಬೇಕು. ಮೊದಲು ಕಪಾಟು, ಆಮೇಲೆ ಮೇಜು, ಕೊನೆಯ ವಾರದಲ್ಲಿ ಫ್ರಿಜ್ಜು, ಕೊನೆಯ ದಿನ ಮಂಚ, ಹೀಗೆ ಬಂದ ಕ್ರಮದ ಹಿಮ್ಮುಖವಾಗಿ ಕಳುಹಿಸುವುದು ಅನುಕೂಲ. ಎಲ್ಲವನ್ನೂ ಒಟ್ಟಿಗೆ ಹೊಸದಾಗಿ ಬರುವ ವಿದ್ಯಾರ್ಥಿಗೆ ದಾಟಿಸುವುದಾದರೆ ಸಾಗಾಣಿಕೆಯೇ ಉಳಿಯುತ್ತದೆ, ಆದರೆ ಅದಕ್ಕೆ ಮಾಲೀಕರು ಅದೇ ವ್ಯಕ್ತಿಗೆ ಮನೆ ಕೊಡಲು ಒಪ್ಪಿರಬೇಕು.

ಮಾರಾಟವಾಗದೆ ಉಳಿದುದನ್ನು ನಗರಪಾಲಿಕೆಯ ಸಂಗ್ರಹಕ್ಕೆ ದಿನ ಗೊತ್ತು ಮಾಡಿ ಒಪ್ಪಿಸಬೇಕು. ಅದಕ್ಕೆ ಕೆಲವು ಊರುಗಳಲ್ಲಿ ವಾರಗಟ್ಟಲೆ ಕಾಯಬೇಕಾಗುತ್ತದೆ. ಹೇಳದೆ ರಸ್ತೆಗೆ ಇಟ್ಟರೆ ದಂಡ. ಗೋಡೆಯ ತೂತುಗಳಿಗೆ ‘ಬೌಮಾರ್ಕ್ಟ್’ ಎಂಬ ಮನೆ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ, ಒಲೆಯ ಹಿಂದಿನ ಗೋಡೆಯ ಅರಿಶಿನದ ಕಲೆಯನ್ನು ಅಳಿಸಲು ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಅದು ಬಿಳಿ ಬಣ್ಣದ ಒಂದು ಕೋಟಿಗೆ ಮುಚ್ಚುವುದಿಲ್ಲ, ಎರಡು ಬೇಕಾಗುತ್ತದೆ. ಆಮೇಲೆ ಮೊದಲ ದಿನದ ಪತ್ರವನ್ನೂ ಫೋಟೊಗಳನ್ನೂ ಕೈಯಲ್ಲಿ ಹಿಡಿದು ಮಾಲೀಕರೊಡನೆ ಕೋಣೆಯನ್ನು ಸುತ್ತಿ, ಮೀಟರಿನ ಅಂಕಿ ಬರೆಸಿ, ಕೀಲಿಗಳನ್ನು ಎಣಿಸಿ ಕೊಟ್ಟು, ಹೊಸ ಪತ್ರಕ್ಕೆ ಇಬ್ಬರ ಸಹಿಯನ್ನೂ ಹಾಕಿಸಿಕೊಳ್ಳಿ. ಠೇವಣಿ ವಾಪಸು ಬರಲು ಕೆಲವು ತಿಂಗಳು ಹಿಡಿಯಬಹುದಾದ್ದರಿಂದ ಆ ಹಣ ಸೇರುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.